ಮಾವನವರ ಹೊಟ್ಟೆಗೆ ಯಾವ ನಂಬರು?

ದವಾಖಾನೆಯಲ್ಲಿ ಆಗುವಷ್ಟು ನಗೆಯ ಸಂಗತಿಗಳು ಮದುವೆಮನೆಯಲ್ಲೂ ಆಗುವುದಿಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ. ಆದರೆ ಅಲ್ಲಿ ದಿನಕ್ಕೊಂದು ಆಗಿಯೇ ಆಗುತ್ತದೆ. ಅಳುವವರ ನಡುವೆ ಆಗುವುದರಿಂದ ಆ ಹೊತ್ತಿಗೆ ನಗಲು ಬರುವುದಿಲ್ಲ, ಮನೆಗೆ ಬಂದು ನಗಬೇಕಾಗುತ್ತದೆ, ಅಷ್ಟೇ.

ನಾನು ಹಳ್ಳಿಯ ಸಾಲೆಯಲ್ಲಿ ಕಲಿತವನು. ಶಿವನ ದಯದಿಂದ ಹುಬ್ಬಳ್ಳಿಯ ಒಂದು ದವಾಖಾನೆಯ ದಾಖಲೆ ವಿಭಾಗದಲ್ಲಿ ನೌಕರಿ ಸಿಕ್ಕಿತು. ಗೋಕುಲ ರಸ್ತೆಯಲ್ಲಿ ಸಣ್ಣದೊಂದು ಮನೆಯೂ ಆಯಿತು. ರೋಗಿ ಮನೆಗೆ ಹೋದ ಮೇಲೆ, ಇಲ್ಲವೇ ಶಿವನ ಪಾದ ಸೇರಿದ ಮೇಲೆ, ಅವರ ಫೈಲು ನಮ್ಮ ಕೋಣೆಗೆ ಬರುತ್ತಿತ್ತು. ಡಾಕ್ಟರು ಬರೆದದ್ದನ್ನು ಓದಿ, ದಪ್ಪನೆಯ ಪುಸ್ತಕ ತೆಗೆದು, ಈ ಬ್ಯಾನಿಗೆ ಈ ನಂಬರು, ಮಾಡಿದ ಚಿಕಿತ್ಸೆಗೆ ಈ ನಂಬರು ಎಂದು ಹಚ್ಚುವುದು ನಮ್ಮ ಕೆಲಸ. ಮನುಷ್ಯನಿಗೆ ಆಗಬಹುದಾದ ಎಲ್ಲ ಬ್ಯಾನಿಗೂ ಆ ಪುಸ್ತಕದಲ್ಲಿ ನಂಬರು ಇತ್ತು. ಕುದುರೆಯಿಂದ ಬಿದ್ದವರಿಗೆ ಬೇರೆ, ಏಣಿಯಿಂದ ಬಿದ್ದವರಿಗೆ ಬೇರೆ. ಅದನ್ನು ಮೊದಲ ಸಲ ತೆರೆದು ನೋಡಿದ ದಿನ ನಾನು ಹೆದರಿ, ಮನೆಗೆ ಹೋದವನೇ ಎರಡು ಸಲ ಪೂಜೆ ಮಾಡಿಕೊಂಡಿದ್ದೆ.

ನೀರು ಎಲ್ಲಿಂದ ಬಂತು?

ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬರುವ ರೋಗಿಗಳು ನಮ್ಮಲ್ಲಿ ಬಹಳ. ಓದಿದವರು ಅದಕ್ಕೆ ಜಲೋದರ ಅನ್ನುತ್ತಾರೆ. ಸೂಜಿ ಹಾಕಿ ನೀರು ತೆಗೆದರೆ ರೋಗಿಗೆ ಉಸಿರಾಡಲು ಹಗುರಾಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ತುಂಬುತ್ತದೆ. ಈ ನೀರಿಗೊಂದು ನಂಬರು, ಅದನ್ನು ತೆಗೆದದ್ದಕ್ಕೆ ಇನ್ನೊಂದು ನಂಬರು. ಆದರೆ ನಮ್ಮ ವಿಭಾಗದ ಹಿರಿಯರು ನಾನು ಸೇರಿದ ದಿನವೇ ಹೇಳಿಬಿಟ್ಟಿದ್ದರು. ನೀರು ರೋಗವಲ್ಲ, ರೋಗದ ಗುರುತು. ಲಿವರು ಕೆಟ್ಟು ಬಂತೋ, ಹೃದಯ ಸೋತು ಬಂತೋ, ಕ್ಷಯದಿಂದ ಬಂತೋ, ಗಡ್ಡೆಯಿಂದ ಬಂತೋ, ಆ ಮೂಲವನ್ನು ತಿಳಿದುಕೊಂಡು ಅದರ ನಂಬರನ್ನು ಮೊದಲು ಹಾಕಬೇಕು. ಬರೀ ನೀರಿಗೆ ನಂಬರು ಹಚ್ಚಿ ಕೈಬಿಟ್ಟರೆ ಅವರು ಫೈಲನ್ನು ನನ್ನ ಟೇಬಲ್ಲಿಗೆ ವಾಪಸು ಒಗೆಯುತ್ತಿದ್ದರು.

ಡಾಕ್ಟರುಗಳಿಗೆ ಪುರಸೊತ್ತು ಎಲ್ಲಿ? 'ಹೊಟ್ಟೆಯಲ್ಲಿ ನೀರು, ತೆಗೆಯಲಾಯಿತು' ಎಂದು ಬರೆದು ಸಹಿ ಮಾಡಿ ಹೋಗಿಬಿಡುತ್ತಿದ್ದರು. ಹೀಗಾಗಿ ಫೈಲು ಹಿಡಿದುಕೊಂಡು ಅವರ ಬೆನ್ನು ಹತ್ತುವುದೇ ನನ್ನ ಅರ್ಧ ನೌಕರಿ.

ಒಂದು ಬ್ಯಾಸಿಗೆಯಲ್ಲಿ ಊರಿನ ನಳಕ್ಕೆ ವಾರ ದಾಟಿದರೂ ನೀರು ಬಂದಿರಲಿಲ್ಲ. ಹೊಟ್ಟೆಯ ಡಾಕ್ಟರು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದರು. ಮುಂಜಾನೆ ಅವರ ಮನೆಯಲ್ಲಿ ಸ್ನಾನಕ್ಕೂ ನೀರಿರಲಿಲ್ಲವಂತೆ, ಮುಖ ಹಾಗೇ ಇತ್ತು. ನಾನು ಹೋಗಿ ಮೆಲ್ಲಗೆ, ಸಾಹೇಬರ, ಆ ರೋಗಿಯ ಹೊಟ್ಟೆಯಲ್ಲಿ ಅಷ್ಟೊಂದು ನೀರು ಎಲ್ಲಿಂದ ಬಂತು ಅಂತ ನೀವು ಬರೆದಿಲ್ಲರಿ ಎಂದೆ. ಅವರು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು.

"ಗೊತ್ತಾದ್ರ ನಿಮಗ್ಯಾಕ ಹೇಳ್ಲಿ? ಮೊದಲು ನಮ್ಮ ಮನೀಗೆ ಒಂದು ಪೈಪು ಹಾಕಿಸ್ಕೋತೀನಿ."

ಕ್ಯಾಂಟೀನಿನಲ್ಲಿ ಇದ್ದವರೆಲ್ಲ ನಕ್ಕರು. ದೊಡ್ಡ ಮನುಷ್ಯರು, ಆಮೇಲೆ ಅಲ್ಲಿಯೇ ಕೂತು ಕಾರಣ ಬರೆದುಕೊಟ್ಟರು. ಫೈಲಿನ ಮೇಲೆ ಅವರ ಚಹಾದ ಕಪ್ಪಿನ ದುಂಡನೆಯ ಗುರುತು ಉಳಿಯಿತು. ಅದಕ್ಕೊಂದು ನಂಬರು ಹುಡುಕು ಎಂದರು ನಮ್ಮ ಹಿರಿಯರು.

ಕುಡಿಯದವರ ಹೊಟ್ಟೆ

ಹೀಗೆ ಮಂದಿಯ ಹೊಟ್ಟೆಯ ಮೂಲ ಹುಡುಕುತ್ತ ಇದ್ದವನಿಗೆ ನಮ್ಮದೇ ಮನೆಯ ಹೊಟ್ಟೆಯೊಂದು ಬಂದು ಮುಂದೆ ನಿಂತಿತು. ನನ್ನ ಹೆಂಡತಿಯ ತಂದೆಯವರು, ಹೆಬ್ಬಳ್ಳಿಯ ನಮ್ಮ ಮಾವನವರು. ಊರಿಗೆಲ್ಲ ಗೌಡರು, ಹೊಲ ಮನೆ ಇದ್ದ ಗಟ್ಟಿ ಮನುಷ್ಯರು, ಇಷ್ಟಲಿಂಗಕ್ಕೆ ಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕಿದವರಲ್ಲ. ಮಠದ ಭಜನಿ ಮೇಳದಲ್ಲಿ ಮುಂದೆ ಕೂತು ತಾಳ ಹಿಡಿದು ಪದ ಎತ್ತಿಕೊಡುವವರು ಅವರೇ. ಕುಡಿಯುವವರನ್ನು ಕಂಡರೆ ಮಾತ್ರ ಅವರಿಗೆ ತಡೆಯುತ್ತಿರಲಿಲ್ಲ. ಸಂಜೆ ಬಸ್ಸಿನಿಂದ ತೂರಾಡುತ್ತ ಇಳಿದವರನ್ನು ಊರ ಬಾಗಿಲಾದ ಅಗಸಿಯ ಹತ್ತಿರ ನಿಲ್ಲಿಸಿಕೊಂಡು, ಅವರ ಅಮಲು ಇಳಿಯುವವರೆಗೆ ಬುದ್ಧಿ ಹೇಳುತ್ತಿದ್ದರು.

ಅಂಥವರ ಹೊಟ್ಟೆ ಮೆಲ್ಲಗೆ ಬೆಳೆಯತೊಡಗಿತು. ನಮ್ಮ ಅತ್ತೆಯವರು ಮೊದಮೊದಲು ತಮ್ಮ ಕೈಗುಣ ಎಂದು ಸಂತೋಷಪಟ್ಟರು. ಆಮೇಲೆ ಮೈ ಸೊರಗಿ ಬರೀ ಹೊಟ್ಟೆ ಉಳಿಯಿತು. ಹೊಟ್ಟೆಯಲ್ಲಿ ನೀರು ತುಂಬಿದೆ ಎಂದು ಊರಿಗೆ ಗೊತ್ತಾದ ಕೂಡಲೇ ಊರು ತನ್ನ ತೀರ್ಪು ಹೇಳಿಬಿಟ್ಟಿತು. ನೀರು ತುಂಬುವುದು ಯಾರಿಗೆ? ಕುಡಿಯುವವರಿಗೆ. ಗೌಡರು ಊರಲ್ಲಿ ಕುಡಿಯುವುದಿಲ್ಲ. ಹಾಗಾದರೆ ಎಲ್ಲಿ ಕುಡಿಯುತ್ತಾರೆ? ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಮಗಳ ಮನೆಗೆ ಹೋಗುತ್ತಾರಲ್ಲ, ಅಲ್ಲಿ. ಹೀಗೆ ಚಹಾ ಕುಡಿಯಲೂ ಹಿಂದೆಮುಂದೆ ನೋಡುವ ನನ್ನ ಮನೆ ಹೆಬ್ಬಳ್ಳಿಯವರ ಬಾಯಿಯಲ್ಲಿ ಸೆರೆ-ಹೆಂಡದ ಅಂಗಡಿಯಾಯಿತು. ಮಠದ ಹಿರಿಯರು ಮಾವನವರ ಮುಂದೆ ಏನೂ ಅನ್ನಲಿಲ್ಲ. ಆರಾಮಾಗುವವರೆಗೆ ತಾಳ ಬೇರೆಯವರ ಕೈಯಲ್ಲಿ ಇರಲಿ ಅಂದರು, ಅಷ್ಟೇ. ಮಾವನವರಿಗೆ ಅರ್ಥವಾಯಿತು.

ನಮ್ಮ ದವಾಖಾನೆಗೆ ಕರೆದುಕೊಂಡು ಬಂದ ದಿನ ನನ್ನ ಕೈ ಹಿಡಿದುಕೊಂಡು ಹೇಳಿದರು: "ನೋಡ್ರಿ ಅಳಿಯಂದ್ರ, ಸಾಯೂದು ಇದ್ರ ಸಾಯ್ತೇನಿ, ಅದಕ್ಕ ನನ್ನ ತಕರಾರಿಲ್ಲ. ಆದ್ರ ಕುಡುಕ ಅನಿಸ್ಕೊಂಡು ಸಾಯೂದು ನನ್ನ ಕಡಿಂದ ಆಗೂದಿಲ್ಲ."

ಹೊಟ್ಟೆಯ ನೀರಿನ ಮೂಲಗಳೆಲ್ಲ ನನಗೆ ಬಾಯಿಪಾಠ. ಅದರಲ್ಲಿ ಕೆಟ್ಟವೇ ಹೆಚ್ಚು. ಗೊತ್ತಿಲ್ಲದವರು ಸುಖಿಗಳು ಎಂದು ಆ ದಿನ ಅನಿಸಿತು.

ವಾರ್ಡಿನಲ್ಲಿ ಮಲಗಿಸಿದ ಮೇಲೆ ಬಂದವರೆಲ್ಲರದೂ ಒಂದೇ ಪ್ರಶ್ನೆ. ಸಣ್ಣ ಡಾಕ್ಟರು ಬಂದು, ಅಜ್ಜಾರ ಕುಡೀತೀರೇನು ಎಂದು ಕೇಳಿದರು. ಇಲ್ಲ ಅಂದರು. ದೊಡ್ಡ ಡಾಕ್ಟರು ಬಂದು ಅದನ್ನೇ ಕೇಳಿದರು. ಸಿಸ್ಟರ್ ಬಂದು ಕೇಳಿದಳು. ಊಟಕ್ಕೆ ಪಥ್ಯ ಬರೆಯುವ ಹೆಣ್ಣುಮಗಳೂ ಕೇಳಿದಳು. ಮಾವನವರ ಮುಖ ಕೆಂಪಾಗುತ್ತ ಬಂದಿತ್ತು. ಕೊನೆಗೆ ಕಲಿಯುವ ಡಾಕ್ಟರ್ ಹುಡುಗನೊಬ್ಬ ಬರೀ ನಾಡಿ ನೋಡಲು ಬಂದು ಕೈ ಹಿಡಿದ. ಅವನು ಬಾಯಿ ತೆರೆಯುವ ಮೊದಲೇ ಮಾವನವರು, "ಇಲ್ಲ, ಕುಡಿಯೂದಿಲ್ಲ. ನೀ ಕುಡೀತೀಯೇನು?" ಎಂದರು.

ಆ ಹುಡುಗ ಗಾಬರಿಯಾಗಿ ಖರೇ ಹೇಳಿಬಿಟ್ಟ: "ಅಪರೂಪಕ್ಕ ಒಮ್ಮೊಮ್ಮೆ ರೀ ಅಜ್ಜಾರ."

ಮಾವನವರು ಅವನ ಕೈ ಬಿಡಲಿಲ್ಲ. ಮಂಚದ ಮೇಲೆ ಕೂಡ್ರಿಸಿಕೊಂಡು ಅಗಸಿಯ ಬುದ್ಧಿವಾದವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮರುದಿನದಿಂದ ಆ ಹುಡುಗ, ಅಜ್ಜ ಮಲಗಿದ್ದಾರೋ ಎದ್ದಿದ್ದಾರೋ ಎಂದು ಸಿಸ್ಟರನ್ನು ಕೇಳಿಕೊಂಡೇ ನಾಡಿ ನೋಡಲು ಬರುತ್ತಿದ್ದ.

ಮೂರು ಬೊಟ್ಟು ವಿಭೂತಿ

ನೀರು ತೆಗೆಯುವ ಮೊದಲು ಸೋನೋಗ್ರಾಫಿಯಲ್ಲಿ ನೋಡಿ, ಸೂಜಿ ಎಲ್ಲಿ ಹಾಕಬೇಕೋ ಅಲ್ಲಿ ಡಾಕ್ಟರು ಪೆನ್ನಿನಿಂದ ಗುರುತು ಮಾಡುತ್ತಿದ್ದರು. ಮಾವನವರ ಹೊಟ್ಟೆಯ ಮೇಲೂ ಮಾಡಿದರು. ಮರುದಿನ ಮುಂಜಾನೆ ನೀರು ತೆಗೆಯಬೇಕು. ಡಾಕ್ಟರು ಬಂದು ಅಂಗಿ ಸರಿಸಿ ನೋಡಿದರೆ ಗುರುತೇ ಇಲ್ಲ. ಅದರ ಬದಲಿಗೆ ಹೊಟ್ಟೆಯ ತುಂಬ ಮೂರು ಬೆರಳಿನ ವಿಭೂತಿ ಶೋಭಿಸುತ್ತಿತ್ತು. ಹಣೆ, ಎದೆ, ತೋಳುಗಳಿಗೆ ಹಚ್ಚಿಕೊಂಡಂತೆ ಹೊಟ್ಟೆಗೂ ಹಚ್ಚಿಕೊಳ್ಳುವುದು ಮಾವನವರ ಪದ್ಧತಿ. ಹಚ್ಚುವ ಮೊದಲು ಮೈ ಶುದ್ಧವಿರಬೇಕು. ಏನೋ ಮಸಿ ಹತ್ತಿದೆ ಎಂದು ಸಾಬೂನು ಹಾಕಿ ತಿಕ್ಕಿ ತೊಳೆದಿದ್ದರು.

ಡಾಕ್ಟರು ಮತ್ತೆ ಕೆಳಗೆ ಕರೆದೊಯ್ದು, ಮತ್ತೆ ನೋಡಿ, ಅಳಿಸಬ್ಯಾಡ್ರಿ ಎಂದು ಹೇಳಿ ಮತ್ತೆ ಗುರುತು ಮಾಡಿದರು. ಅಷ್ಟರಲ್ಲಿ ಬೇರೊಂದು ಅರ್ಜಂಟ್ ಕೇಸು ಬಂದು ನೀರು ತೆಗೆಯುವುದು ಸಂಜೆಗೆ ಹೋಯಿತು. ಸಂಜೆಯ ಪೂಜೆ ಬೇರೆ ಇರುತ್ತದೆ ಎಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ. ಅವರು ಬರುವ ಹೊತ್ತಿಗೆ ಹೊಟ್ಟೆ ಮತ್ತೆ ಮುಂಜಾನೆಯಂತೆಯೇ ಬೆಳ್ಳಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಈ ಪುಣ್ಯಾತ್ಮರು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತು, "ಅಜ್ಜಾರ, ಈಗ ಒಂದು ಕರಾರು ಮಾಡ್ಕೊಳ್ಳೋಣ. ನಾಳಿ ಮೊದಲು ನಿಮ್ಮ ದೇವರು ಬರೀಲಿ, ಆಮ್ಯಾಲೆ ನಾ ಬರೀತೀನಿ" ಎಂದರು.

ಮಾವನವರು ಒಪ್ಪಿದರು. ಮರುದಿನ ಪೂಜೆ ಮುಗಿದ ಮೇಲೆ ಗುರುತೂ ಆಯಿತು. ಅಷ್ಟರಲ್ಲಿ ಸಿಸ್ಟರ್ ಬಂದು ಔಷಧ ಹಚ್ಚಿದ ಹತ್ತಿಯಿಂದ ಹೊಟ್ಟೆಯನ್ನೆಲ್ಲ ಒರೆಸಲು ಶುರು ಮಾಡಿದಳು. ಮಾವನವರು ಅವಳ ಕೈ ತಡೆದು, ನಾ ಹಚ್ಚಿಕೊಂಡಿದ್ದು ಶಿವನ ಸಲುವಾಗಿ, ನೀ ಒರೆಸೂದು ಯಾರ ಸಲುವಾಗವ್ವಾ ಎಂದು ಕೇಳಿದರು. ಅವಳು ಕೇರಳದ ಹುಡುಗಿ, ನಮ್ಮ ಮಾತು ಛಲೋ ಕಲಿತಿದ್ದಳು.

"ನಿಮ್ಮ ಸಲುವಾಗಿ ರೀ ಅಜ್ಜಾ. ಶಿವಗ ಸೆಪ್ಟಿಕ್ ಆಗಂಗಿಲ್ಲ."

ಮಾವನವರು ಕೈ ತೆಗೆದರು. ಅವಳ ಆ ಮಾತನ್ನು ಮುಂದೆ ಎಷ್ಟೋ ವರ್ಷ ಮಠದಲ್ಲಿ ದೊಡ್ಡ ಶರಣರ ಮಾತಿನಂತೆ ಹೇಳುತ್ತಿದ್ದರು.

ಹೆಚ್ಚಾದ ಭಕ್ತಿ

ನೀರು ತೆಗೆದ ಮೇಲೆ ಡಾಕ್ಟರು ಉಪ್ಪು ಕಡಿಮೆ ಮಾಡಿರಿ, ನೀರೂ ಸದ್ಯಕ್ಕೆ ಅಳತೆಯಿಂದ ಕುಡಿಯಲಿ ಎಂದರು. ಅತ್ತೆಯವರು ಈ ಆಜ್ಞೆಯನ್ನು ಪೊಲೀಸರಂತೆ ಜಾರಿಗೆ ತಂದರು. ಸಪ್ಪನೆಯ ಸಾರು, ಸಪ್ಪನೆಯ ಪಲ್ಯ, ಸಪ್ಪನೆಯ ಝುಣಕ. ರೋಗಿಯನ್ನು ಮಾತಾಡಿಸಲು ಬಂದವರಿಗೂ ಅದೇ ಬುತ್ತಿ. ಎರಡು ದಿನಕ್ಕೆ ಬೀಗರು ಬರುವುದು ನಿಂತಿತು. ನೀರಿನ ಗಡಿಗೆಯನ್ನು ತಮ್ಮ ತಲೆದೆಸೆಗೆ ಇಟ್ಟುಕೊಂಡು ಅವರು ಕಾವಲು ಕೂತರು.

ಆ ದಿನಗಳಲ್ಲಿ ಮಾವನವರ ಭಕ್ತಿ ಎಂದೂ ಇಲ್ಲದಷ್ಟು ಹೆಚ್ಚಿತು. ದಿನಕ್ಕೆ ಎರಡು ಹೊತ್ತು ಪೂಜೆ ಮಾಡುತ್ತಿದ್ದವರು ಮಧ್ಯಾಹ್ನವೂ ಮಾಡತೊಡಗಿದರು. ಆಮೇಲೆ ಚಹಾದ ಹೊತ್ತಿಗೊಂದು, ಮಲಗುವ ಮುಂದೊಂದು. ಅತ್ತೆಯವರಿಗೆ ಬಹಳ ಸಂತೋಷ. ಕಷ್ಟದಲ್ಲಿ ಮನಸ್ಸು ಶಿವನ ಕಡೆ ಹರಿಯಿತು ಎಂದು ನನ್ನ ಹೆಂಡತಿಯ ಮುಂದೆ ಹೇಳಿ ಕಣ್ಣೀರು ಒರೆಸಿಕೊಂಡರು. ಪೂಜೆಗೆಂದರೆ ಇಲ್ಲ ಎನ್ನಲು ಬರುತ್ತದೆಯೇ? ಕೇಳಿದಾಗೊಮ್ಮೆ ತಂಬಿಗೆ ತುಂಬಿಕೊಡುತ್ತಿದ್ದರು.

ತೂಕ ನೋಡಿದರೆ ಇಳಿಯುವುದನ್ನು ಬಿಟ್ಟು ಏರುತ್ತಿತ್ತು. ಡಾಕ್ಟರು ತಲೆ ಕೆರೆದುಕೊಂಡರು. ಕೊನೆಗೆ ಒಂದು ಮಧ್ಯಾಹ್ನ ಪೂಜೆಯ ಹೊತ್ತಿಗೇ ಅವರು ರೌಂಡಿಗೆ ಬಂದರು. ನಾನೂ ಅಲ್ಲೇ ಇದ್ದೆ. ಮಾವನವರು ಕಣ್ಣುಮುಚ್ಚಿ ಕೂತು, ಅಂಗೈಯ ಲಿಂಗಕ್ಕೆ ತಂಬಿಗೆಯ ನೀರನ್ನೆಲ್ಲ ಮೆಲ್ಲಗೆ ಎರೆದು, ಕೆಳಗೆ ಹಿಡಿದ ಬಟ್ಟಲಲ್ಲಿ ತುಂಬಿಸಿಕೊಂಡು, ಆ ತೀರ್ಥವನ್ನು ಒಂದು ಹನಿ ಚೆಲ್ಲದೆ ಗಟಗಟ ಕುಡಿದರು. ಎಲ್ಲರ ಮನೆಯಲ್ಲಿ ತೀರ್ಥ ಅಂದರೆ ಒಂದು ಚಮಚ. ಇವರದು ಲಿಂಗಪೂಜೆಯ ಬಟ್ಟಲಲ್ಲ, ಮಜ್ಜಿಗೆಯ ಬಟ್ಟಲು.

ಅತ್ತೆಯವರು ಗಡಿಗೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ಡಾಕ್ಟರು ಚೀಟಿ ತೆಗೆದು ಬರೆದುಕೊಟ್ಟರು. ಓದಿ ಹೇಳಲು ನನ್ನ ಕೈಗೆ ಬಂತು. ಉಪ್ಪು ಬೇಡ, ಕರಿದದ್ದು ಬೇಡ, ಪೂಜೆ ದಿನಕ್ಕೆ ಎರಡೇ ಸಲ, ಊಟದ ನಂತರ.

ಪೇಡೆ ಹಂಚಿದ್ದು

ತೆಗೆದ ನೀರು ಪರೀಕ್ಷೆಗೆ ಹೋಗಿತ್ತು. ಹೊಟ್ಟೆಯೊಳಗಿನ ಪೊರೆಯ ಸಣ್ಣ ಚೂರನ್ನೂ ತೆಗೆದು ಕಳಿಸಿದ್ದರು. ಆ ರಿಪೋರ್ಟು ಬರುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಗಡ್ಡೆಯಾಗಿದ್ದರೆ ಜೀವ ಹೋಗುತ್ತದೆ, ಲಿವರು ಆಗಿದ್ದರೆ ಜೀವದ ಜೊತೆ ಮಾನವೂ ಹೋಗುತ್ತದೆ. ನಾನು ಕೂತಲ್ಲಿ ನಿಂತಲ್ಲಿ ಶಿವನಿಗೆ, ಪುಸ್ತಕದಲ್ಲಿ ಇಷ್ಟೊಂದು ನಂಬರು ಇಟ್ಟಿದ್ದೀಯಲ್ಲ, ನಮಗೆ ಹಗುರಾದದ್ದೊಂದು ಕೊಡು ತಂದೆ ಎಂದು ಬೇಡಿಕೊಳ್ಳುತ್ತಿದ್ದೆ.

ಒಂದು ಮುಂಜಾನೆ ಡಾಕ್ಟರು ಬಂದು ಗಂಭೀರವಾಗಿ ಹೇಳಿದರು. ಹೊಟ್ಟೆಯ ಟಿ.ಬಿ. ಆಗಿದೆ. ಲಿವರು ಚೊಕ್ಕಟ ಇದೆ. ತಿಂಗಳುಗಟ್ಟಲೆ ಗುಳಿಗೆ ತಪ್ಪದೆ ತೆಗೆದುಕೊಂಡರೆ ಪೂರಾ ಗುಣವಾಗುತ್ತದೆ. ಟಿ.ಬಿ. ಎಂಬ ಶಬ್ದ ಕೇಳುತ್ತಲೇ ಅತ್ತೆಯವರು ಸೆರಗು ಬಾಯಿಗೆ ಹಚ್ಚಿಕೊಂಡರು. ನನ್ನ ಹೆಂಡತಿ ಅಳತೊಡಗಿದಳು. ಮಾವನವರು ಮಾತ್ರ ಎದ್ದು ಕೂತರು.

"ಸಾಹೇಬ್ರ, ಟಿ.ಬಿ. ಕುಡಿಯೂದರಿಂದ ಬರತೈತೇನ್ರಿ?"

ಇಲ್ಲರಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದರು ಡಾಕ್ಟರು. ಮಾವನವರು ಎರಡೂ ಕೈ ಎತ್ತಿ ಮುಗಿದರು. ಶಿವಾ, ನನ್ನ ಕೈ ಬಿಡಲಿಲ್ಲ ನೋಡು, ಟಿ.ಬಿ. ಕೊಟ್ಟಿ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಕೂಡಲೇ ನನ್ನನ್ನು ಕಳಿಸಿ ಪೇಡೆ ತರಿಸಿದರು. ಧಾರವಾಡದ್ದೇ ಆಗಬೇಕು ಎಂದು ಹಟ ಹಿಡಿದಿದ್ದರಿಂದ ನಾನು ಅರ್ಧ ದಿನ ರಜೆ ಹಾಕಿ ಹೋಗಿಬರಬೇಕಾಯಿತು. ವಾರ್ಡಿನಲ್ಲಿ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಪೇಡೆ. ಪಕ್ಕದ ಮಂಚದವರ ಹೆಂಡತಿ ಪೇಡೆ ಬಾಯಿಗೆ ಹಾಕಿಕೊಂಡು, ಏನು ಸಂತೋಷದ ಸುದ್ದಿ ರೀ ಯಜಮಾನರ, ಮೊಮ್ಮಗ ಹುಟ್ಟಿದನೇನು ಎಂದು ಕೇಳಿದಳು.

"ಅದಕ್ಕಿಂತ ದೊಡ್ಡದವಾ," ಎಂದರು ಮಾವನವರು, "ನನಗ ಟಿ.ಬಿ. ಆಗೈತಿ."

ಆಕೆ ಬಾಯಲ್ಲಿದ್ದ ಪೇಡೆಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಹೊಟ್ಟೆಯ ಟಿ.ಬಿ. ಪೇಡೆಯಿಂದ ಹತ್ತುವುದಿಲ್ಲ ಎಂದು ಡಾಕ್ಟರು ತಾವೇ ಎರಡನೆಯ ಪೇಡೆ ತಿಂದು ತೋರಿಸಿದ ಮೇಲೆಯೇ ಅದು ಕೆಳಗಿಳಿಯಿತು.

ಹೊಸ ಪುಸ್ತಕ

ಮಾವನವರ ಫೈಲು ನಮ್ಮ ಕೋಣೆಗೆ ಬಂದಾಗ ಹಿರಿಯರು ಅದನ್ನು ನನ್ನ ಕೈಗೆ ಕೊಡಲಿಲ್ಲ. ಮನೆಯವರ ಫೈಲು ಮನೆಯವರು ನೋಡಬಾರದು ಎಂದು ನನ್ನ ಪಕ್ಕದ ಟೇಬಲ್ಲಿನ ಅಕ್ಕಾವರಿಗೆ ಕೊಟ್ಟರು. ಅವರು ಟಿ.ಬಿ.ಯ ನಂಬರು ಮೊದಲು ಹಾಕಿ, ನೀರು ತೆಗೆದದ್ದರ ನಂಬರು ಆಮೇಲೆ ಹಾಕಿ ಮುಗಿಸಿದರು. ಮಾವನವರು ತಪಾಸಣೆಗೆ ಬಂದಾಗೊಮ್ಮೆ ನಮ್ಮ ಕೋಣೆಗೂ ಬಂದು ಅಕ್ಕಾವರ ಮುಂದೆ ಕೂರುತ್ತಿದ್ದರು. ನನ್ನ ನಂಬರು ಇದ್ದಲ್ಲೇ ಐತೇನವಾ, ಕುಡಿಯೋರ ನಂಬರು ಅದಕ್ಕ ಎಷ್ಟು ದೂರ ಐತಿ ಎಂದು ಕೇಳುತ್ತಿದ್ದರು. ಬಹಳ ದೂರ ಐತ್ರಿ ಕಾಕಾ, ನಡುವೆ ನೂರಾರು ಬ್ಯಾನಿ ಅದಾವು ಎಂದು ಅವರು ಪುಟ ತಿರುವಿ ತೋರಿಸಿದರೆ ಸಮಾಧಾನವಾಗಿ ಚಹಾ ಕುಡಿದು ಹೋಗುತ್ತಿದ್ದರು.

ಗುಳಿಗೆ ಮುಗಿಯುವ ಹೊತ್ತಿಗೆ ಹೊಟ್ಟೆ ಬೆನ್ನಿಗೆ ಹತ್ತಿತ್ತು, ಮುಖಕ್ಕೆ ಕಳೆ ಬಂದಿತ್ತು. ಅದೇ ಹೊತ್ತಿಗೆ ನಮ್ಮಲ್ಲಿ ಹಳೆಯ ಪುಸ್ತಕ ಹೋಗಿ ಹೊಸದು ಬಂತು. ಬರೀ ಅಂಕಿ ಇದ್ದಲ್ಲಿ ಮುಂದೊಂದು ಇಂಗ್ಲಿಷ್ ಅಕ್ಷರ ಸೇರಿ ಎಲ್ಲ ನಂಬರುಗಳೂ ಬದಲಾದವು. ಹಿರಿಯರಿಗೆ ಆ ವಯಸ್ಸಿನಲ್ಲಿ ಮತ್ತೆ ಮಗ್ಗಿ ಕಲಿಯುವ ಪ್ರಸಂಗ. ಎಲ್ಲಾ ಹೊಸಾದು ಆಗೇತ್ರಿ ಗೌಡ್ರ, ಒಂದೂ ಹಳೆ ನಂಬರಿಲ್ಲ ಎಂದು ಮಾವನವರ ಮುಂದೆ ತಮ್ಮ ಕಷ್ಟ ಹೇಳಿಕೊಂಡರು. ಮಾವನವರು ಹೊಸ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು.

"ಹಂಗಾರ ಹಳೇ ಪುಸ್ತಕದಾಗ ಕುಡಿಯೋರು ಅಂತ ಇದ್ದವರು," ಎಂದು ಕೇಳಿದರು, "ಈ ಹೊಸಾದ್ರಾಗರೆ ಕುಡಿಯೂದು ಬಿಟ್ಟಾರೇನ್ರಿ?"

ಸಾಕ್ಷಿ

ಗುಳಿಗೆ ಮುಗಿಯುವತನಕ ನಮ್ಮ ಮನೆಯಲ್ಲೇ ಇದ್ದ ಮಾವನವರು ಇಷ್ಟೆಲ್ಲ ಆಗಿ ಊರಿಗೆ ಹೋದರು. ಜೀವ ಉಳಿದಿತ್ತು. ಇನ್ನು ತಾಳ ಕೈಗೆ ಬರುವುದೊಂದು ಬಾಕಿ. ಸೋಮವಾರ ಸಂಜೆ ಮಠದ ಕಟ್ಟೆಯ ಮೇಲೆ ಭಜನೆಗೆ ಮುಂಚೆ ಹಿರಿಯರು ಕೂಡಿದ್ದರು. ಮಾವನವರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಡಾಕ್ಟರು ಬರೆದುಕೊಟ್ಟದ್ದನ್ನು ನಾನು ನಿಧಾನವಾಗಿ ಓದಿ, ಅರ್ಥ ಬಿಡಿಸಿ ಹೇಳಿದೆ. ಹೊಟ್ಟೆಯ ನೀರಿಗೆ ಮೂಲಗಳು ಬಹಳ, ಇವರದು ಕ್ಷಯದಿಂದ ಬಂದದ್ದು, ನಂಬರು ಕೂಡ ಕ್ಷಯದ್ದೇ ಬಿದ್ದಿದೆ ಎಂದೆ.

ಹಿರಿಯರಲ್ಲೊಬ್ಬರು ಗಡ್ಡ ನೀವಿಕೊಳ್ಳುತ್ತ, ನಂಬರು ಹಾಕೋ ಕೆಲಸ ಯಾರದ್ದು ಎಂದು ಕೇಳಿದರು. ನಮ್ಮ ವಿಭಾಗದ್ದು ಎಂದೆ. ಅಲ್ಲಿ ನೀವ ಇರೂದಲ್ಲೇನು ಅಂದರು. ಹೌದು, ಆದರೆ ಈ ಫೈಲು ನಾನು ನೋಡಿಲ್ಲ, ನನ್ನ ಪಕ್ಕದವರು ನೋಡಿದ್ದಾರೆ ಎಂದೆ. ಅಂದ್ರ ನಿಮ್ಮ ಬಾಜೂಕಿನವರು ಅಂದರು. ಎಲ್ಲರೂ ಸುಮ್ಮನೆ ತಲೆ ಆಡಿಸಿದರು. ನಾನು ಬಿಡಿಸಿ ಹೇಳಿದಷ್ಟೂ ಮಾವನವರ ಕೇಸು ಕೆಡುತ್ತಲೇ ಹೋಯಿತು. ಮಾವನವರು ತಲೆ ತಗ್ಗಿಸಿ ಕೂತರು. ಸೂಜಿ ಚುಚ್ಚುವಾಗಲೂ ಅವರ ಮುಖ ಹಾಗಾಗಿದ್ದನ್ನು ನಾನು ನೋಡಿರಲಿಲ್ಲ.

ಆಗ ಕಟ್ಟೆಯ ಕೆಳಗಿನಿಂದ ಒಂದು ದನಿ, ನಾ ಒಂದು ಮಾತು ಹೇಳ್ಲೇನ್ರಿ ಎಂದಿತು. ನೋಡಿದರೆ ಊರ ಗೌಂಡಿ. ಹುಬ್ಬಳ್ಳಿಯಲ್ಲಿ ಮನೆ ಕಟ್ಟುವ ಕೆಲಸ, ಕೈಗುಣ ದೊಡ್ಡದು, ಕುಡಿತ ಅದಕ್ಕಿಂತ ದೊಡ್ಡದು. ಮಾವನವರಿಂದ ಅಗಸಿಯಲ್ಲಿ ಅವನಷ್ಟು ಬೈಸಿಕೊಂಡವರು ಊರಲ್ಲಿ ಇನ್ನೊಬ್ಬರಿಲ್ಲ. ಚಪ್ಪಲಿ ದೂರ ಬಿಟ್ಟು, ಟವೆಲ್ಲು ಬಗಲಲ್ಲಿ ಇಟ್ಟುಕೊಂಡು ಕೈಕಟ್ಟಿ ನಿಂತಿದ್ದ. ಮಾವನವರ ಮೇಲೆ ಸೇಡು ತೀರಿಸಿಕೊಳ್ಳಲು ಬಂದ ಎಂದೇ ನಾನು ತಿಳಿದೆ.

ಅವನು ಮೊದಲು ಎಲ್ಲರಿಗೂ ಶರಣು ಮಾಡಿದ. ಆಮೇಲೆ ಹೇಳಿದ. ಗೋಕುಲ ರೋಡಿನಿಂದ ಕಮರಿಪೇಟೆಯವರೆಗೆ ತನಗೆ ಗೊತ್ತಿಲ್ಲದ ಸೆರೆ ಅಂಗಡಿ ಇಲ್ಲ, ತನ್ನನ್ನು ಗೊತ್ತಿಲ್ಲದ ಅಂಗಡಿಯವನೂ ಇಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಗೌಡರ ನೆರಳು ಅಲ್ಲಿ ಕಂಡಿಲ್ಲ. ಅಳಿಯಂದಿರ ಮನೆ ಅಂತೀರೇನು? ಆ ಮನೆಯ ಗಚ್ಚು ತಾನೇ ಹಾಕಿದ್ದು. ಕೆಲಸ ಮುಗಿಯುವತನಕ ಹುಡುಕಿದರೂ ಅಲ್ಲಿ ಒಂದು ಖಾಲಿ ಬಾಟ್ಲಿ ಸಿಗಲಿಲ್ಲ, ನೀರು ಕುಡಿಯಲು ಸಹ ತಂಬಿಗೆಯೇ ಕೊಟ್ಟರು.

ಹಿರಿಯರು ಸ್ವಲ್ಪ ಅಲುಗಾಡಿದರು. ಗೌಂಡಿ ಇನ್ನಷ್ಟು ಮುಂದೆ ಬಂದ.

"ಮತ್ತ ಇನ್ನೊಂದು ಮಾತು ಕೇಳ್ರಿ ಯಪ್ಪಾ. ಕುಡದ ಮನಷ್ಯಾಗ ಮಂದಿ ಮ್ಯಾಲೆ ಪ್ರೀತಿ ಬರತೈತ್ರಿ. ನಾ ಕುಡದೆ ಅಂದ್ರ ಕಂಬಕ್ಕೂ ಶರಣು ಮಾಡಿ ಹೋಗ್ತೇನಿ. ಈ ಗೌಡ್ರು ನನ್ನ ಬೈದಾರಲ್ರಿ, ಆ ನಮೂನಿ ಬೈಗಳ ಒಂದು ಹನಿ ಕುಡದ ಬಾಯಾಗ ಹುಟ್ಟೂದಿಲ್ಲ. ಬೈಸಿಕೊಂಡವ ನಾನು. ನನಗಿಂತ ಸಾಕ್ಷಿ ನಿಮಗ ಯಾರು ಬೇಕು?"

ನಾನು ಪುಸ್ತಕ ನೋಡಿ, ಅಕ್ಕಾವರು ಪುಸ್ತಕ ನೋಡಿ, ಡಾಕ್ಟರು ಚೂರು ಕತ್ತರಿಸಿ ನೋಡಿ ಹೇಳಿದ್ದು ಕಟ್ಟೆ ಹತ್ತಿರಲಿಲ್ಲ. ಅವನ ಮಾತು ಹತ್ತಿತು. ಗಡ್ಡದ ಹಿರಿಯರಿಗೆ ಮಾತ್ರ ಇನ್ನೂ ಒಂದು ಸಂಶಯ. ಕೂತಲ್ಲಿಂದಲೇ ಮುಂದಕ್ಕೆ ಬಾಗಿ ಮೂಸಿದರು.

"ಅಲ್ಲಲೇ, ಈಗ ನೀ ಕುಡದು ಮಾತಾಡಾಕತ್ತೀಯೋ ಹೆಂಗ?"

"ಇಲ್ರಿ ಯಪ್ಪಾ," ಎಂದ ಗೌಂಡಿ. "ಸಾಕ್ಷಿ ಹೇಳೂದೈತಿ, ನಾಳೆ ಯಾರೂ ಅನಮಾನ ಮಾಡಬಾರದು ಅಂತ ಮುಂಜಾನಿಂದ ಮುಟ್ಟಿಲ್ಲ. ಕೈ ನಡಗಾಕತ್ತಾವು ನೋಡ್ರಿ. ಏನು ತೀರ್ಮಾನ ಐತಿ ಲಗೂ ಹೇಳಿಬಿಡ್ರಿ, ಅಂಗಡಿ ಮುಚ್ಚತೈತಿ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಗಡ್ಡದ ಹಿರಿಯರು ನಗುತ್ತಲೇ ತಾಳ ತೆಗೆದು ಮಾವನವರ ಕೈಗೆ ಕೊಟ್ಟರು. ನಾನು ಮನಸ್ಸಿನಲ್ಲೇ ಡಾಕ್ಟರಿಗೆ, ಆ ಸಿಸ್ಟರಿಗೆ, ಅಕ್ಕಾವರಿಗೆ, ಎಲ್ಲರಿಗಿಂತ ಹೆಚ್ಚಾಗಿ ಒಂದು ದಿನ ಬಾಯಿ ಒಣಗಿಸಿಕೊಂಡ ಆ ಗೌಂಡಿಗೆ ಶರಣು ಅಂದೆ. ಶಿವ ಯಾರ ಕೈಯಿಂದ ಕೊಡಿಸುತ್ತಾನೋ ನಮಗೆ ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ಗೌಂಡಿ ಚಪ್ಪಲಿ ಮೆಟ್ಟಿಕೊಂಡು ಬಿರಬಿರನೆ ಹೊರಟಿದ್ದ. ಎಲ್ಲಿಗೆ ಎಂದು ಕೇಳುವ ಅವಶ್ಯವಿರಲಿಲ್ಲ. ಮಾವನವರು ತಾಳ ಹಿಡಿದುಕೊಂಡೇ ಎದ್ದು ನಿಂತು, ಏ ನಿಲ್ಲೋ ಎಂದರು. ನಗು ನಿಂತಿತು. ಗೌಂಡಿಯೂ ನಿಂತ. ರೂಢಿಯಿಂದ ತಾನಾಗಿಯೇ ತಲೆ ತಗ್ಗಿಸಿ, ಕೈಕಟ್ಟಿ ಬೈಗಳಿಗೆ ತಯಾರಾದ. ಮಾವನವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಆಮೇಲೆ ಬಹಳ ಮೆಲ್ಲಗೆ, ಯಾರ ಮುಖವನ್ನೂ ನೋಡದೆ ಹೇಳಿದರು:

"ಕತ್ತಲಾಗಾಕತ್ತೈತಿ. ಹೋಗೂದ ಖರೆ ಆದ್ರ, ಲಗೂ ಹೋಗಿ ಬಾರಪಾ."